ಬಂಡವಾಳವಾದ, ಸಮಾಜವಾದ ಮತ್ತು ಎರಡು ಮಗ್ಗದ ಮನೆ

ಪಾಠದ ಹಿನ್ನೆಲೆ

ಬಿ.ಎಸ್ಸಿ., ಬಿ.ಇಡಿ. ಪ್ರಶಿಕ್ಷಣಾರ್ಥಿಯಾದ ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ನಡೆಯುತ್ತಿದ್ದಾಗ ಅಲ್ಲಿಯ ಸಮಾಜ ವಿಜ್ಞಾನದ ಮೇಡಂ ತರಬೇತಿಗೆ ಹೋಗಬೇಕಾಯಿತು. ಒಂಬತ್ತನೆಯ ತರಗತಿಯ ನಾಲ್ಕು ಅವಧಿಗಳು ನನ್ನ ಪಾಲಿಗೆ ಬಂದವು. ಘಟಕ: ಕೈಗಾರಿಕಾ ಕ್ರಾಂತಿ ಮತ್ತು ಅದರ ಪರಿಣಾಮಗಳು. ಹೊರಡುವ ಮುನ್ನ ಮೇಡಂ ಹೇಳಿದ್ದು ಒಂದೇ ಮಾತು: “ಬಂಡವಾಳವಾದಕ್ಕೂ ಸಮಾಜವಾದಕ್ಕೂ ವ್ಯತ್ಯಾಸ ಬರೆಸಿಬಿಡಿ, ಪರೀಕ್ಷೆಗೆ ಬರುತ್ತೆ.”

ಹಿಂದಿನ ವರ್ಷದ ಒಂದು ನೋಟ್‌ಪುಸ್ತಕ ತರಿಸಿ ನೋಡಿದೆ. ಪುಟದ ನಡುವೆ ಸ್ಕೇಲಿನಿಂದ ಎಳೆದ ಗೆರೆ. ಎಡಗಡೆ ಖಾಸಗಿ ಒಡೆತನ, ಲಾಭದ ಉದ್ದೇಶ, ಸ್ಪರ್ಧೆ. ಬಲಗಡೆ ಸಮಾಜದ ಒಡೆತನ, ಎಲ್ಲರ ಹಿತ, ಯೋಜನೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇವೆಲ್ಲ ಯಾವ ಪ್ರಶ್ನೆಗೆ ಕೊಟ್ಟ ಉತ್ತರಗಳು ಎಂಬುದು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಬ್ಯಾಟರಿ, ತಂತಿ, ಅಮ್ಮೀಟರು ಯಾವುದನ್ನೂ ಮುಟ್ಟಿಸದೆ ಓಮನ ನಿಯಮವನ್ನು ಬಾಯಿಪಾಠ ಮಾಡಿಸಿದ ಹಾಗೆ.

ವಿಜ್ಞಾನದ ಪ್ರಾಯೋಗಿಕ ಪುಸ್ತಕದಲ್ಲಿ ನಾವು ಒಂದು ಕ್ರಮ ಪಾಲಿಸುತ್ತೇವೆ: ಮೊದಲು ವೀಕ್ಷಣೆ, ಆಮೇಲೆ ಲೆಕ್ಕ, ಕೊನೆಗೆ ನಿರ್ಣಯ. ಅದೇ ಕ್ರಮವನ್ನು ಈ ಪಾಠಕ್ಕೂ ತರಬಹುದೆನಿಸಿತು. ಮೊದಲ ಎರಡು ಅವಧಿಗಳಲ್ಲಿ ‘ವಾದ’ ಎಂದು ಕೊನೆಗೊಳ್ಳುವ ಯಾವ ಪದವನ್ನೂ ಕಪ್ಪುಹಲಗೆಯ ಮೇಲೆ ಬರೆಯಬಾರದೆಂದು ಪಾಠಯೋಜನೆಯಲ್ಲೇ ಗುರುತು ಹಾಕಿಕೊಂಡೆ.

ಲಾಳಿ ಜೋರಾದರೆ ಏನಾಗುತ್ತದೆ?

ಪೂರ್ವಜ್ಞಾನ ಪರೀಕ್ಷೆಗೆ ಹೆಚ್ಚು ಸಮಯ ಬೇಕಾಗಲಿಲ್ಲ. ಆ ತರಗತಿಯ 38 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಯಲ್ಲೋ ಪಕ್ಕದ ಮನೆಯಲ್ಲೋ ವಿದ್ಯುತ್ ಮಗ್ಗ ಓಡುತ್ತದೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ ಇವೆಲ್ಲ ನನಗೆ ಪುಸ್ತಕದ ಪದಗಳು, ಅವರಿಗೆ ಮನೆಯ ಸಾಮಾನು. 1733ರಲ್ಲಿ ಜಾನ್ ಕೇ ಎಂಬುವನು ಹಗ್ಗ ಎಳೆದರೆ ತಾನೇ ಓಡುವ ಹಾರುವ ಲಾಳಿಯನ್ನು ಮಾಡಿದ ಎಂದು ಹೇಳಿ, ಪುಸ್ತಕ ಮುಚ್ಚಿಸಿ ಕೇಳಿದೆ: “ಲಾಳಿ ಜೋರಾಗಿ ಓಡಿದರೆ ಮೊದಲು ಯಾವುದು ಸಾಲದೆ ಬರುತ್ತೆ?”

“ಕಂಡಿಕೆ, ಮಿಸ್!” ಎಂದು ಹಿಂದಿನ ಬೆಂಚಿನಿಂದ ಮೂರು ಜನ ಒಟ್ಟಿಗೆ ಕೂಗಿದರು.

ಇಂಗ್ಲೆಂಡಿನಲ್ಲೂ ನಡೆದದ್ದು ಅದೇ. ನೇಯುವವನ ಕೈ ಓಡಿತು, ನೂಲು ಸಾಲಲಿಲ್ಲ. ಆ ಕೊರತೆಯೇ 1760ರ ದಶಕದಲ್ಲಿ ಹಾರ್ಗ್ರೀವ್ಸ್‌ನ ಸ್ಪಿನ್ನಿಂಗ್ ಜೆನ್ನಿಗೆ, 1769ರಲ್ಲಿ ಆರ್ಕ್‌ರೈಟ್‌ನ ನೀರಿನ ಬಲದ ನೂಲುವ ಯಂತ್ರಕ್ಕೆ, 1779ರಲ್ಲಿ ಕ್ರಾಂಪ್ಟನ್‌ನ ಮ್ಯೂಲಿಗೆ ದಾರಿ ಮಾಡಿತು. ಆಮೇಲೆ ನೂಲು ಹೆಚ್ಚಾಗಿ ನೇಯುವ ಕೈ ಸಾಲದಾಯಿತು. 1785ರಲ್ಲಿ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದ. ಪಠ್ಯದಲ್ಲಿ ಈ ಹೆಸರುಗಳು ‘ಸಂಶೋಧಕ, ಸಂಶೋಧನೆ, ವರ್ಷ’ ಎಂಬ ಪಟ್ಟಿಯಾಗಿ ಬರುತ್ತವೆ. ಮಕ್ಕಳು ಹೊಂದಿಸಿ ಬರೆಯಿರಿ ಪ್ರಶ್ನೆಗಾಗಿ ಕಲಿಯುತ್ತಾರೆ. ಒಂದರ ಕೊರತೆ ಇನ್ನೊಂದನ್ನು ಹುಟ್ಟಿಸಿತು ಎಂದು ಹೇಳಿದರೆ ಕ್ರಮ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ, ಕಂಡಿಕೆ ಸುತ್ತಿದವರಿಗಂತೂ ಇನ್ನೂ ಚೆನ್ನಾಗಿ.

ಉಗಿಯಂತ್ರ ನನ್ನ ಸ್ವಂತ ವಿಷಯವಾದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ನಿಂತೆ. ಹಿಂದಿನ ನ್ಯೂಕಾಮನ್ ಯಂತ್ರದಲ್ಲಿ ಉಗಿಯನ್ನು ಸಿಲಿಂಡರಿನೊಳಗೇ ತಣ್ಣಗಾಗಿಸುತ್ತಿದ್ದರು, ಪ್ರತಿ ಸಲವೂ ಸಿಲಿಂಡರನ್ನು ಮತ್ತೆ ಕಾಯಿಸಬೇಕಿತ್ತು. ಜೇಮ್ಸ್ ವ್ಯಾಟ್ ಉಗಿ ತಣಿಯಲು ಬೇರೆ ಕೋಣೆ ಮಾಡಿ 1769ರಲ್ಲಿ ಪೇಟೆಂಟ್ ಪಡೆದ. ಕಲ್ಲಿದ್ದಲು ಬಹಳ ಉಳಿಯಿತು. ಇಷ್ಟು ವಿಜ್ಞಾನ. ಅರ್ಥಶಾಸ್ತ್ರ ಅದರ ಬೆನ್ನಿಗೇ ಇದೆ. ವ್ಯಾಟ್ ಮತ್ತು ಅವನ ಪಾಲುದಾರ ಬೌಲ್ಟನ್ ಗಣಿ ಮಾಲೀಕರಿಂದ ಕೇಳುತ್ತಿದ್ದ ಶುಲ್ಕ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಭಾಗ. ಸಂಸತ್ತು ಆ ಪೇಟೆಂಟನ್ನು 1800ರವರೆಗೆ ವಿಸ್ತರಿಸಿತ್ತು. “ಇದು ನ್ಯಾಯವೇ?” ಎಂದು ಕೇಳಿ, ಉತ್ತರ ಹೇಳಿಸದೆ ಅಂದಿನ ಅವಧಿ ಮುಗಿಸಿದೆ. ಮರುದಿನ ಬಂದ ಉತ್ತರಗಳಲ್ಲಿ ಒಂದು ನನಗೆ ತುಂಬ ಹಿಡಿಸಿತು: “ಅವನು ತಲೆ ಓಡಿಸಿದ, ಸರಿ. ಬೆಂಕಿಗೆ ಕಲ್ಲಿದ್ದಲು ಹಾಕಿದವನಿಗೆ ಉಳಿತಾಯದಲ್ಲಿ ಎಷ್ಟು ಪಾಲು?”

240 ಪಟ್ಟು ಎಲ್ಲಿ ಹೋಯಿತು?

ಎರಡನೆಯ ಅವಧಿಗೆ ಒಂದು ಗುಂಡುಸೂಜಿ ಪೊಟ್ಟಣ ತೆಗೆದುಕೊಂಡು ಹೋದೆ. ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ದಿ ವೆಲ್ತ್ ಆಫ್ ನೇಶನ್ಸ್’ ಪುಸ್ತಕ ಗುಂಡುಸೂಜಿ ಕಾರ್ಖಾನೆಯ ಉದಾಹರಣೆಯಿಂದ ಆರಂಭವಾಗುತ್ತದೆ. ಒಬ್ಬನೇ ಕುಳಿತು ಮಾಡಿದರೆ ದಿನಕ್ಕೆ 20 ಸೂಜಿಯೂ ಕಷ್ಟ. ತಂತಿ ಎಳೆಯುವುದು, ನೆಟ್ಟಗೆ ಮಾಡುವುದು, ಕತ್ತರಿಸುವುದು, ಮೊನೆ ಮಾಡುವುದು ಹೀಗೆ ಕೆಲಸ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು. ತಲೆಗೆ 4,800. ಮಕ್ಕಳೇ ಭಾಗಿಸಿದರು: 240 ಪಟ್ಟು.

ಅದರ ಮುಂದಿನ ಪ್ರಶ್ನೆಯೇ ಈ ಘಟಕದ ಜೀವ ಎಂದು ನನ್ನ ಅಭಿಪ್ರಾಯ. ಕೂಲಿ 240 ಪಟ್ಟು ಏರಲಿಲ್ಲ. ಹಾಗಾದರೆ ಆ ಹೆಚ್ಚಳ ಎಲ್ಲಿಗೆ ಹೋಯಿತು? ಐದೈದು ಜನರ ಗುಂಪು ಮಾಡಿ ಹತ್ತು ನಿಮಿಷ ಕೊಟ್ಟೆ. ಬಂದ ಉತ್ತರಗಳನ್ನು ಅವರ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ. ಸೂಜಿ ಅಗ್ಗವಾಗಿರಬೇಕು, ಕೊಂಡವರಿಗೆ ಹೋಯಿತು. ಓನರ್ ಇಟ್ಟುಕೊಂಡ. ಯಂತ್ರದ ಸಾಲಕ್ಕೆ ಹೋಯಿತು. ಇನ್ನೊಂದು ಯಂತ್ರ ತಂದು ಇನ್ನಷ್ಟು ಜನಕ್ಕೆ ಕೆಲಸ ಕೊಟ್ಟ. ಕೂಲಿಯವರಿಗೂ ಸ್ವಲ್ಪ ಸಿಕ್ಕಿತು.

ತಾಯಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮಮ್ಮ ಬರೀ ಕಾಲರ್ ಹಾಕ್ತಾರೆ. ಗಂಟೆಗೆ ಇಷ್ಟು ಅಂತ ಟಾರ್ಗೆಟ್ ಇರುತ್ತೆ. ಪೂರಾ ಶರ್ಟು ಹೊಲಿಯೋಕೆ ಅವರಿಗೆ ಬರಲ್ಲ” ಎಂದಳು. ಇದಕ್ಕಿಂತ ಒಳ್ಳೆಯ ಜೋಡಣೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಶ್ರಮವಿಭಜನೆಯನ್ನು ಹೊಗಳಿದ ಸ್ಮಿತ್ ಅದೇ ಪುಸ್ತಕದ ಮುಂದಿನ ಭಾಗದಲ್ಲಿ, ಜೀವನವಿಡೀ ಒಂದೆರಡು ಸಣ್ಣ ಕೆಲಸಗಳನ್ನೇ ಮಾಡುವವನ ಬುದ್ಧಿ ಮೊಂಡಾಗುತ್ತದೆ ಎಂದು ಎಚ್ಚರಿಸಿ, ಬಡವರ ಮಕ್ಕಳ ಶಿಕ್ಷಣಕ್ಕೆ ಸರ್ಕಾರ ನೆರವಾಗಬೇಕೆಂದು ವಾದಿಸಿದ್ದಾನೆ. ಮಾಲೀಕರು ಕೂಲಿ ಏರದಂತೆ ಸದ್ದಿಲ್ಲದೆ ಒಂದಾಗುತ್ತಾರೆಂದೂ ಬರೆದಿದ್ದಾನೆ. ನಮ್ಮ ನೋಟ್ಸುಗಳಲ್ಲಿ ಸ್ಮಿತ್ ಎಡ ಕಾಲಮ್ಮಿನ ಮೊದಲ ಸಾಲಿನಲ್ಲಿ ಕೂತುಬಿಟ್ಟಿರುತ್ತಾನೆ, ಈ ಮಾತುಗಳು ಅವನವೆಂದು ಯಾರಿಗೂ ತಿಳಿಯುವುದಿಲ್ಲ.

ವಾದಗಳ ಪ್ರವೇಶ

ಮೂರನೆಯ ಅವಧಿಯಲ್ಲಿ ಹಿಂದಿನ ದಿನದ ಪ್ರಶ್ನೆಯನ್ನೇ ಮೇಲೆ ಬರೆದು, ಅದರ ಕೆಳಗೆ ಮನುಷ್ಯರನ್ನು ತಂದೆ.

ಮೊದಲಿಗೆ ಲಡ್ಡೈಟರು. 1811ರಲ್ಲಿ ನಾಟಿಂಗ್‌ಹ್ಯಾಮ್ ಕಡೆಯ ಕಾಲುಚೀಲ ಹೆಣೆಯುವವರು ರಾತ್ರಿ ಹೊತ್ತು ಯಂತ್ರಗಳನ್ನು ಒಡೆದರು. ಇವರನ್ನು ಪ್ರಗತಿಗೆ ಅಡ್ಡ ಬಂದ ಅಜ್ಞಾನಿಗಳೆಂದು ಹೇಳಿ ದಾಟುವುದು ವಾಡಿಕೆ. ಆದರೆ ಯಂತ್ರದ ಪರಿಚಯವಿಲ್ಲದವರಲ್ಲ ಅವರು, ಹೆಣಿಗೆ ಯಂತ್ರದಲ್ಲೇ ದುಡಿದು ಬಾಳಿದವರು. ಅಗಲದ ಯಂತ್ರದಲ್ಲಿ ಹಾಳೆಯಂತೆ ಹೆಣೆದು, ಕತ್ತರಿಸಿ, ಹೊಲಿದು ಮಾಡುವ ಕಳಪೆ ಮಾಲು ತಮ್ಮ ಕೂಲಿಯನ್ನೂ ಕಸುಬಿನ ಹೆಸರನ್ನೂ ಕೆಡಿಸುತ್ತದೆಂಬುದು ಅವರ ದೂರು. 1812ರಲ್ಲಿ ಸಂಸತ್ತು ಯಂತ್ರ ಒಡೆಯುವುದಕ್ಕೆ ಮರಣದಂಡನೆ ವಿಧಿಸುವ ಕಾಯ್ದೆ ಮಾಡಿತು. ಕವಿ ಬೈರನ್ ಅದನ್ನು ವಿರೋಧಿಸಿ ಲಾರ್ಡ್ಸ್ ಸಭೆಯಲ್ಲಿ ಮಾತಾಡಿದ.

“ಈಗ ಸೂರತ್ ಸೀರೆ ಬಂದು ನಮ್ಮ ಸೀರೆಗೆ ರೇಟಿಲ್ಲ ಅಂತಾರಲ್ಲ, ಹಂಗಾ ಮಿಸ್?” ಎಂದು ಒಬ್ಬ ಕೇಳಿದ. ಹೌದು ಎಂದೆ. ಜೊತೆಗೆ ಇನ್ನೊಂದು ಮಾತು ಸೇರಿಸಿದೆ: ನಮ್ಮ ದೇಶದಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆ ಇದೆ. ಯಾರಿಂದ ಕಾಪಾಡಲು? ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅವನೇ, “ನಮ್ಮಿಂದ!” ಎಂದು ನಕ್ಕ. ಸೂರತ್ತಿನ ಎದುರು ನೊಂದವರು ಕೈಮಗ್ಗದ ಎದುರು ನೋಯಿಸುವವರೂ ಆಗಬಹುದು ಎಂಬುದನ್ನು ಮಕ್ಕಳು ತಾವಾಗಿ ಕಂಡುಕೊಂಡರು.

ಮುಂದಿನವನು ರಾಬರ್ಟ್ ಓವೆನ್. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ನೂಲಿನ ಗಿರಣಿಯ ಆಡಳಿತವನ್ನು 1800ರಲ್ಲಿ ವಹಿಸಿಕೊಂಡ. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ, ಕೆಲಸದ ಅವಧಿ ಇಳಿಸಿದ, ನ್ಯಾಯಬೆಲೆಯ ಅಂಗಡಿ ತೆರೆದ, 1816ರಲ್ಲಿ ಪುಟ್ಟ ಮಕ್ಕಳಿಗೂ ಶಾಲೆ ಮಾಡಿದ. ಗಿರಣಿ ಲಾಭದಲ್ಲೇ ಇತ್ತು. ಇದೇ ಓವೆನ್ ಪ್ರತಿ ಕೆಲಸಗಾರನ ಪಕ್ಕದಲ್ಲಿ ನಾಲ್ಕು ಮುಖದ ಮರದ ತುಂಡೊಂದನ್ನು ತೂಗುಹಾಕಿಸಿದ್ದ. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಅತ್ಯುತ್ತಮವಾದರೆ ಬಿಳಿ ಮುಖ ಮುಂದೆ. ರಟ್ಟಿನಲ್ಲಿ ಅಂಥದ್ದೊಂದನ್ನು ಮಾಡಿಕೊಂಡು ಹೋಗಿದ್ದೆ. ಇಡೀ ಘಟಕದಲ್ಲಿ ನನ್ನ ಅತ್ಯಂತ ಅಗ್ಗದ ಬೋಧನೋಪಕರಣ ಅದು, ಅತಿ ಹೆಚ್ಚು ಜಗಳ ಎಬ್ಬಿಸಿದ್ದೂ ಅದೇ. “ಹೊಡೆಯೋದಕ್ಕಿಂತ ವಾಸಿ” ಎಂದು ಅರ್ಧ ತರಗತಿ. “ಎಲ್ಲರ ಮುಂದೆ ಕಪ್ಪು ತೋರಿಸೋದಕ್ಕಿಂತ ಎರಡೇಟು ವಾಸಿ” ಎಂದು ಇನ್ನರ್ಧ. ಮಾಲೀಕ ಒಳ್ಳೆಯವನಾದರೆ ಸಾಕೇ, ಅಥವಾ ತೀರ್ಮಾನದಲ್ಲಿ ಕೆಲಸಗಾರನಿಗೂ ಪಾಲು ಬೇಕೇ ಎಂಬ ಪ್ರಶ್ನೆ ಆ ರಟ್ಟಿನ ತುಂಡಿನಿಂದಲೇ ಹುಟ್ಟಿತು. ಓವೆನ್ ಮುಂದೆ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಎಂಬ ಸಮಾನತೆಯ ವಸಾಹತು ಕಟ್ಟಿ, ಅದು ಕೆಲವೇ ವರ್ಷಗಳಲ್ಲಿ ಮುರಿದುಬಿದ್ದದ್ದನ್ನೂ ಹೇಳಿದೆ.

ಆಮೇಲೆ ಫ್ರೆಡ್ರಿಕ್ ಏಂಗೆಲ್ಸ್. 1842ರಲ್ಲಿ ಮ್ಯಾಂಚೆಸ್ಟರಿಗೆ ಬಂದದ್ದು ತಂದೆ ಪಾಲುದಾರನಾಗಿದ್ದ ಹತ್ತಿ ಗಿರಣಿಯ ಕೆಲಸಕ್ಕೆ. ಅಲ್ಲಿಯ ಕಾರ್ಮಿಕರ ಬದುಕು ನೋಡಿ 1845ರಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದ. 1848ರಲ್ಲಿ ಮಾರ್ಕ್ಸ್‌ನೊಂದಿಗೆ ಕಮ್ಯುನಿಸ್ಟ್ ಪ್ರಣಾಳಿಕೆ ಪ್ರಕಟಿಸಿದ. ಗಿರಣಿ ಮಾಲೀಕನ ಮಗ ಗಿರಣಿ ಮಾಲೀಕರ ವಿರುದ್ಧ ಬರೆದನೆಂಬುದು ಮಕ್ಕಳಿಗೆ ಭಾರಿ ಸೋಜಿಗ. “ಅವರಪ್ಪ ಏನೂ ಅನ್ನಲಿಲ್ವಾ?” ಎಂಬ ಪ್ರಶ್ನೆ ಎರಡು ಸಲ ಬಂತು.

ಈಗ, ಮೂರನೆಯ ಅವಧಿಯ ಕೊನೆಯ ಹದಿನೈದು ನಿಮಿಷದಲ್ಲಿ, ಪದಗಳನ್ನು ಬರೆದೆ. ಹೆಚ್ಚಳವನ್ನು ಮಾರುಕಟ್ಟೆಯೇ ಹಂಚಲಿ, ಲಾಭದಾಸೆಯಿಂದ ಉತ್ಪಾದನೆ ಬೆಳೆದು ಬೆಲೆ ಇಳಿದು ಎಲ್ಲರಿಗೂ ತಲುಪುತ್ತದೆ ಎನ್ನುವುದು ಬಂಡವಾಳವಾದದ ಉತ್ತರ. ಒಟ್ಟಾಗಿ ಉತ್ಪಾದಿಸಿದ್ದನ್ನು ಒಟ್ಟಾಗಿ ಆಳಬೇಕು, ಹಂಚಿಕೆಯನ್ನು ಸಮಾಜ ನಿರ್ಧರಿಸಬೇಕು ಎನ್ನುವುದು ಸಮಾಜವಾದದ್ದು. ಯಂತ್ರ ಯಾರ ಕೈಯಲ್ಲಿದೆಯೋ ಹೆಚ್ಚಳ ಅವರಿಗೇ ಹೋಗುತ್ತದೆ, ಆದ್ದರಿಂದ ಆ ಒಡೆತನವನ್ನೇ ಕ್ರಾಂತಿಯಿಂದ ಬದಲಿಸಬೇಕು ಎಂದವರು ಮಾರ್ಕ್ಸ್ ಮತ್ತು ಏಂಗೆಲ್ಸ್. ಪಠ್ಯ ಅದನ್ನು ಸಮತಾವಾದ ಎನ್ನುತ್ತದೆ. ಹಿಂದಿನ ದಿನ ತಾವೇ ಹೇಳಿದ ಐದು ಉತ್ತರಗಳಲ್ಲಿ ಯಾವುದು ಯಾವ ವಾದಕ್ಕೆ ಹತ್ತಿರ ಎಂದು ಮಕ್ಕಳು ಗೆರೆ ಎಳೆದು ಜೋಡಿಸಿದರು. ಗಾಂಧೀಜಿ ಮತ್ತು ವಿಶ್ವೇಶ್ವರಯ್ಯನವರ ಹೆಸರನ್ನೂ ಇಲ್ಲಿಯೇ ತಂದೆ. ಯಂತ್ರನಾಗರಿಕತೆಯನ್ನೇ ಪ್ರಶ್ನಿಸಿ 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದವರೊಬ್ಬರು. ದೊಡ್ಡ ಕೈಗಾರಿಕೆಯಿಲ್ಲದೆ ದೇಶಕ್ಕೆ ಉಳಿಗಾಲವಿಲ್ಲವೆಂದು ನಂಬಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಗೆ ದುಡಿದವರೊಬ್ಬರು. ಇಬ್ಬರೂ ಬಡತನ ಹೋಗಬೇಕೆಂದವರೇ. ಇಬ್ಬರನ್ನೂ ಎರಡು ಕಾಲಮ್ಮಿನ ಕೋಷ್ಟಕದಲ್ಲಿ ಎಲ್ಲಿ ಕೂರಿಸುವುದೆಂದು ಮಕ್ಕಳಿಗೆ ತಿಳಿಯಲಿಲ್ಲ. ಅದಕ್ಕೇ ತಂದದ್ದು.

ನಾವು ಓನರ್ರಾ, ಕೂಲಿಯೋರಾ?

ನಾಲ್ಕನೆಯ ಅವಧಿ ಕಾರ್ಖಾನೆ ಕಾಯ್ದೆಗಳದ್ದು. ಬ್ರಿಟನ್ನಿನ 1833ರ ಕಾಯ್ದೆ ರೇಷ್ಮೆ ಗಿರಣಿ ಬಿಟ್ಟು ಉಳಿದ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರ ದುಡಿಮೆ ನಿಷೇಧಿಸಿತು. 9ರಿಂದ 13 ವರ್ಷದವರಿಗೆ ದಿನಕ್ಕೆ 9 ಗಂಟೆಯ ಮಿತಿ, ಜೊತೆಗೆ 2 ಗಂಟೆ ಪಾಠ. ಇಡೀ ದೇಶಕ್ಕೆ ಇನ್‌ಸ್ಪೆಕ್ಟರುಗಳು ನಾಲ್ವರು. ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ, ಹಾಗಾಗಿ ಮಗುವಿನ ವಯಸ್ಸು ತಿಳಿಯುವುದೇ ಕಷ್ಟವಿತ್ತು. ಹಲ್ಲು ನೋಡಿ ವಯಸ್ಸು ಹೇಳಬಹುದೆಂದು ಅದೇ ವರ್ಷ ಒಬ್ಬ ದಂತವೈದ್ಯ ಕಿರುಹೊತ್ತಗೆ ಬರೆದ. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಮುಂಬಯಿ ಗಿರಣಿಗಳ ಪೈಪೋಟಿಗೆ ಅಂಜಿದ ಲ್ಯಾಂಕಾಷೈರಿನ ಮಾಲೀಕರೂ ಅದಕ್ಕಾಗಿ ಒತ್ತಾಯಿಸಿದ್ದರು. ಒಳ್ಳೆಯ ಕಾನೂನು ಒಳ್ಳೆಯ ಮನಸ್ಸಿನಿಂದಲೇ ಬರಬೇಕೆಂದಿಲ್ಲ.

ಆಗ ಎರಡನೆಯ ಬೆಂಚಿನ ಹುಡುಗ, ಮೂರು ದಿನ ಹೆಚ್ಚು ಮಾತಾಡದಿದ್ದವನು, ಕೈ ಎತ್ತಿದ. “ನಾನೂ ನನ್ನ ತಂಗೀನೂ ಬೆಳಗ್ಗೆ ಐದಕ್ಕೆ ಎದ್ದು ಕಂಡಿಕೆ ಸುತ್ತುತೀವಿ. ಅದೂ ಕಾನೂನಿಗೆ ವಿರುದ್ಧಾನಾ?”

ತಂಗಿಗೆ ಹತ್ತು ವರ್ಷ. ಎಲ್ಲರ ಕಣ್ಣು ಅವನ ಮೇಲೆ ತಿರುಗಿತು. ಒಂದು ಮನೆಯನ್ನು ತರಗತಿಯ ನ್ಯಾಯಾಲಯದಲ್ಲಿ ನಿಲ್ಲಿಸುವುದು ನನಗೆ ಬೇಕಿರಲಿಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವುದೂ ಬೇಕಿರಲಿಲ್ಲ. ಈಗಿರುವ ಕಾನೂನನ್ನು ಇದ್ದ ಹಾಗೆ ಹೇಳಿದೆ: 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ, ಮನೆಯವರ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸಕ್ಕೆ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು. “ಶಾಲೆಗೆ ಮುಂಚೆ ಅಂತ ಇಲ್ಲ” ಎಂದು ಒಬ್ಬಳು ತಕ್ಷಣ ಹಿಡಿದಳು. “ಕಂಡಿಕೆ ಇಲ್ಲದಿದ್ದರೆ ಅಪ್ಪ ಏಳಕ್ಕೆ ಮಗ್ಗ ಹಾಕೋಕೆ ಆಗಲ್ಲ” ಎಂದು ಹುಡುಗ. 1833ರಲ್ಲೂ ಬಡ ಮನೆಗಳಿಗೆ ಮಗುವಿನ ಕೂಲಿ ನಿಂತುಹೋಗುವ ಚಿಂತೆ ಇತ್ತೆಂದು ನೆನಪಿಸಿ, ಪ್ರಶ್ನೆಯನ್ನು ಆ ಮನೆಯಿಂದ ಬಿಡಿಸಿ ಎಲ್ಲರ ಮುಂದೆ ಇಟ್ಟೆ: ಮಗು ನಿದ್ದೆ ಮಾಡಬೇಕಾದರೆ ಬೇರೆ ಏನು ಬದಲಾಗಬೇಕು? ಸೀರೆಯ ಕೂಲಿ ಏರಬೇಕು ಎಂದರು ಕೆಲವರು. ಕಂಡಿಕೆ ಯಂತ್ರ ಬರಬೇಕು. ಅದಕ್ಕೆ ಸಾಲ ಬೇಕು, ಸೊಸೈಟಿ ಬೇಕು. ಹೆಸರು ಹೇಳದೆಯೇ ಮಾರುಕಟ್ಟೆ, ಯಂತ್ರ, ಸರ್ಕಾರ, ಸಹಕಾರ ಎಲ್ಲವೂ ಬಂದವು.

ಅವನ ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾಗಿತ್ತು. “ನಮ್ಮನೇಲಿ ಎರಡು ಮಗ್ಗ ಐತೆ. ಮಗ್ಗ ನಮ್ಮದು. ನೂಲು ಸಾಹುಕಾರರು ಕೊಡ್ತಾರೆ, ಸೀರೆಗಿಷ್ಟು ಅಂತ ಕೂಲಿ ಕೊಡ್ತಾರೆ. ಹಂಗಾದ್ರೆ ನಾವು ಓನರ್ರಾ, ಕೂಲಿಯೋರಾ?”

ಕೋಷ್ಟಕದಲ್ಲಿ ಇದಕ್ಕೆ ಜಾಗವಿಲ್ಲ. ಯಂತ್ರದ ಒಡೆತನ ಇದೆ, ಆದರೆ ಮಾಲಿನ ಮೇಲೆ, ಬೆಲೆಯ ಮೇಲೆ ಹಿಡಿತವಿಲ್ಲ. ಕಾರ್ಖಾನೆ ಬರುವ ಮುಂಚೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದ್ದದ್ದು ಬಹುಮಟ್ಟಿಗೆ ಇದೇ ವ್ಯವಸ್ಥೆ: ವ್ಯಾಪಾರಿ ನೂಲು ಕೊಟ್ಟು ಹೋಗುತ್ತಿದ್ದ, ನೇಕಾರ ತನ್ನ ಮನೆಯಲ್ಲಿ, ತನ್ನ ಮಗ್ಗದಲ್ಲಿ ನೇಯ್ದು ಕೂಲಿ ಪಡೆಯುತ್ತಿದ್ದ, ಹೆಂಡತಿ ಮಕ್ಕಳು ನೂಲು ಸುತ್ತುತ್ತಿದ್ದರು. ಹದಿನೆಂಟನೆಯ ಶತಮಾನದ ಆ ಪದ್ಧತಿಗೆ ಕರೆಂಟಿನ ಮೋಟಾರು ಜೋಡಿಸಿದರೆ ನಿಮ್ಮ ಬೀದಿ ಎಂದೆ. ಸಣ್ಣ ಒಡೆಯರ ಈ ನಡುವಿನ ವರ್ಗ ದೊಡ್ಡ ಬಂಡವಾಳದ ಎದುರು ನಿಲ್ಲಲಾರದೆ ಕಾರ್ಮಿಕರ ಸಾಲಿಗೆ ಜಾರುತ್ತದೆ ಎಂಬುದು ಮಾರ್ಕ್ಸ್‌ನ ಎಣಿಕೆಯಾಗಿತ್ತು. ದುಡಿದು ಉಳಿಸಿದರೆ ಎರಡು ಮಗ್ಗ ನಾಲ್ಕಾಗಿ, ನಾಲ್ಕು ಎಂಟಾಗಿ ಮೇಲೇರಬಹುದು ಎನ್ನುವುದು ಮಾರುಕಟ್ಟೆಯನ್ನು ನಂಬುವವರ ಮಾತು. “ನಿಮ್ಮ ಬೀದಿಯಲ್ಲಿ ಎರಡರಲ್ಲಿ ಯಾವುದು ಆಗ್ತಿದೆ? ನೋಡಿಕೊಂಡು ಬನ್ನಿ.” ಇದೇ ಅವರ ಮನೆಗೆಲಸವಾಯಿತು. ಕೂಲಿ, ಸಾಲದಂಥ ಮೊತ್ತ ಕೇಳಬಾರದು, ಹತ್ತು ವರ್ಷದ ಹಿಂದೆ ಎಷ್ಟು ಮಗ್ಗ, ಈಗ ಎಷ್ಟು ಎಂದಷ್ಟೇ ಕೇಳಬೇಕು ಎಂಬ ನಿಯಮ ಹಾಕಿದ್ದೆ.

ಪರೀಕ್ಷೆ, ಮತ್ತು ಕೆಲವು ಮಾತು

ಕೊನೆಯ ಹತ್ತು ನಿಮಿಷದಲ್ಲಿ ಮೇಡಂ ಕೇಳಿದ್ದ ಕೋಷ್ಟಕವನ್ನು ಮಕ್ಕಳೇ ಮಾಡಿದರು. ಅದನ್ನು ತಪ್ಪಿಸುವುದು ಸರಿಯೆಂದು ನನಗೆ ತೋರಲಿಲ್ಲ. ನಾಲ್ಕು ಅಂಕ ಅವರ ಹಕ್ಕು. ಆದರೆ ಎಡತುದಿಯಲ್ಲಿ ಮೂರನೆಯ ಕಾಲಮ್ಮೊಂದು ಬಂತು: ‘ಪ್ರಶ್ನೆ’. ಯಂತ್ರ ಯಾರದು? ಬೆಲೆ ಯಾರು ನಿರ್ಧರಿಸಬೇಕು? ಹೆಚ್ಚಳ ಯಾರಿಗೆ? ಪ್ರಶ್ನೆ ಮುಂದಿದ್ದರೆ ಉತ್ತರ ಬರೆಯಲು ಬಾಯಿಪಾಠ ಬೇಕಾಗುವುದಿಲ್ಲ.

ಈ ಘಟಕಕ್ಕೆ ಚರ್ಚಾಸ್ಪರ್ಧೆ ಇಡುವಂತೆ ನನ್ನ ಮೇಲ್ವಿಚಾರಕರು ಸೂಚಿಸಿದ್ದರು. ನಾನು ಇಡಲಿಲ್ಲ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ಗಂಟಲು ದೊಡ್ಡದಿರುವವರು ಗೆಲ್ಲುತ್ತಾರೆ, ಪರವೋ ವಿರುದ್ಧವೋ ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಎರಡು ಮಗ್ಗದ ಹುಡುಗ ಅಲ್ಲಿ ಬಾಯಿ ತೆರೆಯುತ್ತಿರಲಿಲ್ಲ.

“ಮಿಸ್, ನೀವು ಯಾವ ಕಡೆ?” ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. “ಯಾವ ಪ್ರಶ್ನೆಗೆ?” ಎಂದು ನಾನು ಕೇಳುತ್ತಿದ್ದೆ. ಸೂಜಿಯ ಬೆಲೆಗೆ ಮಾರುಕಟ್ಟೆ ಸಾಕೆನ್ನುವವರೂ ಶಾಲೆಗೆ ಸರ್ಕಾರ ಬೇಕೆನ್ನಬಹುದು, ಸ್ಮಿತ್‌ನೇ ಸಾಕ್ಷಿ. ವಾದಗಳ ನಡುವೆ ಶಿಕ್ಷಕಿ ತನ್ನ ಆಯ್ಕೆಯನ್ನು ಮಕ್ಕಳ ಮೇಲೆ ಹೇರಬಾರದು. ಹತ್ತು ವರ್ಷದ ಮಗು ಬೆಳಗ್ಗೆ ಐದಕ್ಕೆ ಏಳಬೇಕೇ ಎಂಬ ಪ್ರಶ್ನೆಯಲ್ಲಿ ಮಾತ್ರ ನಾನು ಒಂದು ಕಡೆಯವಳು, ಅದನ್ನು ತರಗತಿಗೆ ಹೇಳಿದೆ.

ಮನೆಗೆಲಸದ ಹಾಳೆಗಳು ಮರುವಾರ ಬಂದವು. 31 ಮಕ್ಕಳು ಬರೆದಿದ್ದರು. ಕೆಲವರ ಬೀದಿಯಲ್ಲಿ ಮಗ್ಗ ಹೆಚ್ಚಿವೆ, ಕೆಲವರ ಬೀದಿಯಲ್ಲಿ ಮಾರಿಹೋಗಿ ಆ ಜಾಗದಲ್ಲಿ ಬಾಡಿಗೆ ಮನೆಗಳಾಗಿವೆ. ಮೂವರು ‘ಎರಡೂ ಆಗ್ತಿದೆ’ ಎಂದು ಬರೆದು ಕಾರಣ ಕೊಟ್ಟಿದ್ದರು. ಆ ಹುಡುಗನ ಹಾಳೆಯಲ್ಲಿ ತನ್ನ ಬೀದಿಯ ಮಗ್ಗಗಳ ಲೆಕ್ಕ ಮನೆ ಮನೆಯಾಗಿ ಇತ್ತು. ಕೆಳಗೆ, ಈಗ ತಂಗಿಯ ಬದಲು ತಾನೇ ರಾತ್ರಿ ಊಟವಾದ ಮೇಲೆ ಅವಳ ಪಾಲಿನ ಕಂಡಿಕೆಯನ್ನೂ ಸುತ್ತಿಡುತ್ತಿದ್ದೇನೆ ಎಂದು ಒಂದು ಸಾಲು. ಮೇಡಂ ತರಬೇತಿಯಿಂದ ಬಂದ ದಿನ ಆ ಹಾಳೆಯನ್ನು ಬೇರೆಯಾಗಿ ಅವರ ಕೈಗೆ ಕೊಟ್ಟೆ. ಪೋಷಕರ ಸಭೆಗಿಂತ ಮುಂಚೆ ತಾವೇ ಒಮ್ಮೆ ಆ ಮನೆಗೆ ಹೋಗಿ ಬರುವುದಾಗಿ ಅವರು ಹೇಳಿದರು.